ಎಪ್ಪತ್ಮೂರನೆಯ ನೆರಳೋದುಗ

ಎಪ್ಪತ್ಮೂರನೆಯ ನೆರಳೋದುಗ ಸಾಲಿನ ಕೊನೆಗೆ ಬಂದು ಮತ್ತೆ ನಿಂತುಕೊಂಡಿತು. ಇಂದುಮತಿ ಗಡಿಯಾರ ನೋಡಿದಳು. ಒಂಬತ್ತು ಸೆಕೆಂಡು. ಆಮೇಲೆ ಪರದೆಯ ಮೇಲಿನ ಆ ಕೆಂಪು ಚುಕ್ಕೆ ಒಲ್ಲದ ಮನಸ್ಸಿನಿಂದ ಕೆಳಗಿನ ಸಾಲಿಗೆ ಇಳಿಯಿತು, ಸರಸರನೆ ಓದಿತು, ಕೊನೆಗೆ ಬಂದು ಮತ್ತೆ ನಿಂತಿತು. ಅಕ್ಕಪಕ್ಕದ ಪರದೆಗಳಲ್ಲಿ ಉಳಿದ ಚುಕ್ಕೆಗಳು ಪುಟದ ಮೇಲೆ ಪುಟ ಮುಗಿಸುತ್ತಿದ್ದವು. ಇದೊಂದು ಮಾತ್ರ, ಪಂಕ್ತಿಯ ಕೊನೆಯವರಿಗೆ ಬಡಿಸುವವರೆಗೆ ಎಲೆಗೆ ಕೈಹಚ್ಚದ ಹಳೆಗಾಲದ ಹಿರಿಯರ ಹಾಗೆ ಕಾಯುತ್ತ ಕೂತಿತ್ತು.

ಹುಬ್ಬಳ್ಳಿಯ ಹಳೆಯ ಹತ್ತಿ ಗೋದಾಮೊಂದಕ್ಕೆ ಗಾಜು ಜೋಡಿಸಿ, ತಣ್ಣನೆಯ ಗಾಳಿ ತುಂಬಿ ‘ಪುಟಗಣ್ಣು’ ಕಂಪನಿಯವರು ತಮ್ಮ ಓದುಕೋಣೆ ಮಾಡಿಕೊಂಡಿದ್ದರು. ಓದುಕೋಣೆ ಎಂದು ಹೆಸರು, ಒಳಗೆ ಒಂದೇ ಒಂದು ಪುಸ್ತಕ ಇರಲಿಲ್ಲ. ಇದ್ದದ್ದು ನಾನೂರು ನೆರಳೋದುಗರು. ಏಳು ವರ್ಷಗಳ ಹಿಂದೆ ಕಂಪನಿಯವರು ನಾಡಿನ ನಾನೂರು ಜನ ಒಳ್ಳೆಯ ಓದುಗರನ್ನು ಹುಡುಕಿ, ಅವರಿಗೆ ಒಂದೊಂದು ಕನ್ನಡಕ ಕೊಟ್ಟಿದ್ದರು. ಎರಡು ವರ್ಷ ಅದನ್ನು ಹಾಕಿಕೊಂಡು ಅವರು ಮನೆಯಲ್ಲಿ ಕೂತು ಓದಿದರು. ಕಣ್ಣು ಎಲ್ಲಿ ಓಡಿತು, ಎಲ್ಲಿ ಎಡವಿತು, ಯಾವ ಸಾಲಿಗೆ ಹಿಂದಿರುಗಿತು, ಎಲ್ಲವನ್ನೂ ಕನ್ನಡಕ ಬರೆದುಕೊಂಡಿತು. ಈ ಕಣ್ಣಿನ ಜಾಡನ್ನು ಯಂತ್ರಕ್ಕೆ ಕಲಿಸಿದಾಗ ಒಬ್ಬೊಬ್ಬ ಓದುಗನಿಗೂ ಒಂದೊಂದು ನೆರಳು ಹುಟ್ಟಿತು. ಅದರಲ್ಲಿ ಆ ಮನುಷ್ಯನ ನೆನಪಿಲ್ಲ, ಮಾತಿಲ್ಲ, ಬುದ್ಧಿಯೂ ಇಲ್ಲ. ಓದುವ ರೂಢಿ ಒಂದೇ ಇದೆ.

ಈಗ ಯಾರೇ ಏನೇ ಬರೆದರೂ ಮೊದಲು ಓದುವವು ಈ ನೆರಳುಗಳು. ಅವು ಎಡವಿದ ವಾಕ್ಯವನ್ನು ಯಂತ್ರ ಸಡಿಲಿಸುತ್ತದೆ, ಬೇಸರಪಟ್ಟ ಪುಟವನ್ನು ಕತ್ತರಿಸುತ್ತದೆ. ಇಂಥ ಮೂರು ಸುತ್ತು ಮುಗಿದರೆ ಪುಸ್ತಕ ಸಿದ್ಧ, ಮಧ್ಯಾಹ್ನದ ಊಟದೊಳಗೆ ಲಕ್ಷ ಜನರ ಫೋನಿನಲ್ಲಿರುತ್ತದೆ. ಸಂಪಾದಕರು ಮನೆಗೆ ಹೋದರು, ಕರಡು ತಿದ್ದುವವರು ಮನೆಗೆ ಹೋದರು, ಎರಡನೆಯ ಮುದ್ರಣ ಎಂಬ ಮಾತೇ ಜನರಿಗೆ ಮರೆತುಹೋಯಿತು. ಲೇಖಕರು ಮೊದಮೊದಲು ಕೂಗಾಡಿದರು. ಆಮೇಲೆ ಸುಮ್ಮನಾದರು. ಈಗ ಮೊದಲಿನಿಂದಲೇ ನುಣ್ಣಗೆ ಬರೆಯುವುದನ್ನು ಕಲಿತಿದ್ದಾರೆ, ಯಂತ್ರಕ್ಕೆ ಕೆಲಸವೇ ಇಲ್ಲದ ಹಾಗೆ.

ಪರದೆಗಳ ಮುಂದೆ ಒಬ್ಬ ಮನುಷ್ಯ ಜೀವ ಇರಬೇಕು ಎಂದು ಎಲ್ಲೋ ಒಂದು ನಿಯಮವಿತ್ತು. ಆ ನಿಯಮದ ಪುಣ್ಯದಿಂದ ಇಂದುಮತಿ ಹಳ್ಯಾಳ ಎಂಬ ಐವತ್ತೊಂಬತ್ತರ ಹೆಂಗಸಿಗೆ ಮೂರು ವರ್ಷದಿಂದ ಇಲ್ಲಿ ಕೆಲಸ. ಈ ಸಾಲಿನ ಪರದೆಗಳು ಆಕೆಯ ಪಾಲಿಗೆ ಬಂದು ಮಾತ್ರ ಎಂಟೇ ದಿನವಾಗಿತ್ತು.

“ಅಕ್ಕಾರ, ಎಪ್ಪತ್ಮೂರು ಇವತ್ತೂ ನಿಂತೈತಿ ಏನ್ರಿ?” ಎನ್ನುತ್ತ ರೇಷ್ಮಾ ನದಾಫ್ ಬಂದಳು. ಕೋಣೆಯ ಯಂತ್ರಗಳೆಲ್ಲ ಆಕೆಯ ಉಸ್ತುವಾರಿ. ಎರಡು ಮಕ್ಕಳ ತಾಯಿ, ಮಾತಿಗಿಂತ ಮೊದಲು ನಗುವವಳು.

“ನಿಂತೈತಿ. ಒಂಬತ್ತು ಸೆಕೆಂಡ್.”

“ಹ್ವಾದ ವರ್ಷ ಅರ್ಧ ಸೆಕೆಂಡ್ ಇತ್ರಿ. ಇವು ಓದಿದ್ಹಂಗ ಓದಿದ್ಹಂಗ ತಮ್ಮ ರೂಢಿ ಗಟ್ಟಿ ಮಾಡ್ಕೊಂತಾವ. ಮನಷ್ಯಾರ್ಹಂಗ.” ರೇಷ್ಮಾ ನಗಲಿಲ್ಲ. “ಇದರಿಂದ ಒಂದು ದೊಡ್ಡ ಗದ್ದಲ ಆಗೈತ್ರಿ. ಈ ನಾನೂರರೊಳಗ ಭಾಳ ಚುರುಕು ಕಣ್ಣು ಇದರದು. ಅದಕ್ಕ ಇದರ ಮಾತಿಗೆ ತೂಕಾ ಜಾಸ್ತಿ ಕೊಟ್ಟಿದ್ವಿ. ಇದು ಸಾಲಿನ ಕಡೀಗೆ ನಿಂತ್ರ ಅಲ್ಲಿ ಕಡೀ ಶಬ್ದ ಬಿರುಸು ಐತಿ ಅಂತ ಯಂತ್ರ ತಿಳ್ಕೊಂತದ. ತಗದು ಹಗೂರ ಶಬ್ದ ಹಾಕ್ತದ. ಒಂದು ವರ್ಷ ಬಂದ ಪುಸ್ತಕಾ ಅಷ್ಟೂ ಹಂಗ ಆಗ್ಯಾವ. ಸೋಮವಾರ ಕತ್ತರಿ ಹಾಕ್ತೇವ್ರಿ. ನಿಲ್ಲೂ ರೂಢಿ ಅಷ್ಟ ಕತ್ತರಿಸಿ ಒಗದ್ರ ಸಾಕು, ಉಳದದ್ದು ಬಂಗಾರ.”

ಹೊಸ ಹಸ್ತಪ್ರತಿಯೊಂದು ಪರದೆಯ ಮೇಲೆ ತೆರೆದುಕೊಂಡಿತು. ಚುಕ್ಕೆ ಮೊದಲು ಹೋದದ್ದು ಪುಟದ ಕೆಳಗಿನ ಅಂಕಿಗೆ. ಅಲ್ಲಿಂದ ನೆತ್ತಿಯ ಶೀರ್ಷಿಕೆಗೆ. ಆಮೇಲೆ ಮೊದಲ ಸಾಲು. ಇಂದುಮತಿಯ ಕೈಯಲ್ಲಿದ್ದ ಚಹಾ ಲೋಟ ಹಾಗೆಯೇ ನಿಂತಿತು. ಓದಲು ಕೂತ ಯಾವ ಓದುಗನೂ ಪುಟಸಂಖ್ಯೆಯಿಂದ ಶುರು ಮಾಡುವುದಿಲ್ಲ. ಶುರು ಮಾಡುವವರು ಕರಡು ತಿದ್ದುವವರು, ಅವರಲ್ಲೂ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವರನ್ನು ಆಕೆ ಒಬ್ಬರನ್ನೇ ಕಂಡಿದ್ದಳು. ಇಸವಿಯೊಂದು ಬಂತು. ಚುಕ್ಕೆ ಅಂಕಿಗಳನ್ನು ಎರಡು ಸಲ ನೋಡಿ ಮುಂದೆ ಹೋಯಿತು. ಅದೂ ಅವರದೇ ರೂಢಿ.

“ರೇಷ್ಮಾ, ಇದು ಯಾರ ಕಣ್ಣು?”

“ಹೆಸರು ಇಟ್ಟಿಲ್ರಿ ಅಕ್ಕಾರ. ನಂಬರ್ ಅಷ್ಟ.”

ಇಂದುಮತಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ವಾಮನರಾವ್ ಕೊರ್ತಿ. ಸತ್ತು ನಾಲ್ಕು ವರ್ಷವಾಗಿತ್ತು.

ಇಪ್ಪತ್ತಾರು ವರ್ಷ ಅವರಿಬ್ಬರೂ ಊರಿನ ಒಂದು ಮುದ್ರಣಾಲಯದಲ್ಲಿ ಕರಡು ಜೋಡಿಯಾಗಿದ್ದರು. ಹಸ್ತಪ್ರತಿಯನ್ನು ಈಕೆ ಗಟ್ಟಿಯಾಗಿ ಓದಬೇಕು, ಅಚ್ಚಾದ ಕರಡಿನ ಮೇಲೆ ಅವರು ಕಣ್ಣಾಡಿಸಬೇಕು. ಅಲ್ಪವಿರಾಮ ಬಂದಲ್ಲಿ ‘ಅಲ್ಪ’, ಪೂರ್ಣವಿರಾಮ ಬಂದಲ್ಲಿ ‘ಪೂರ್ಣ’ ಎಂದು ಓದಿನ ನಡುವೆಯೇ ಹೇಳುತ್ತ ಹೋಗಬೇಕು. ಕೇಳಿದವರಿಗೆ ಮಂತ್ರ ಹೇಳಿದ ಹಾಗಿರುತ್ತಿತ್ತು. ಕಣ್ಣು ಯಾವತ್ತೂ ಬಾಯಿಗಿಂತ ಮುಂದೆ ಓಡುತ್ತದೆ. ಆದ್ದರಿಂದ ಕರಡು ನೋಡುವವರು ಒಂದು ಶಿಸ್ತು ಕಲಿಯಬೇಕಾಗುತ್ತಿತ್ತು. ಸಾಲಿನ ಕೊನೆ ಮುಟ್ಟಿದ ಕಣ್ಣು ಅಲ್ಲೇ ನಿಲ್ಲಬೇಕು, ಧ್ವನಿ ಬಂದು ಸೇರಿದ ಮೇಲೆ ಮಾತ್ರ ಕೆಳಗಿಳಿಯಬೇಕು. ಇಲ್ಲದಿದ್ದರೆ ಬಿಟ್ಟುಹೋದ ಮಾತು ತಪ್ಪಿಸಿಕೊಳ್ಳುತ್ತದೆ. ವಾಮನರಾಯರು ಇಪ್ಪತ್ತಾರು ವರ್ಷ ಪ್ರತಿ ಸಾಲಿನ ಕೊನೆಯಲ್ಲಿ ಈಕೆಯ ಧ್ವನಿಗಾಗಿ ನಿಂತಿದ್ದರು. ಮನೆಯ ಸುದ್ದಿ ಅವರು ಆಡಿದ್ದು ಕಡಿಮೆ, ಈಕೆ ಕೇಳಿದ್ದು ಇನ್ನೂ ಕಡಿಮೆ. ಈ ಸಂಬಂಧಕ್ಕೆ ಊರಿನಲ್ಲಿ ಹೆಸರಿರಲಿಲ್ಲ, ಅವರಿಬ್ಬರಿಗೂ ಹೆಸರು ಬೇಕಾಗಿರಲಿಲ್ಲ.

ಮುದ್ರಣಾಲಯ ಮುಚ್ಚಿದ ವರ್ಷವೇ ಕಂಪನಿಯವರು ವಾಮನರಾಯರಿಗೆ ಕನ್ನಡಕ ತಂದುಕೊಟ್ಟರು. ಹೆಂಡತಿ ಇಲ್ಲದ ಮನೆ, ಹೊತ್ತು ಹೋಗಬೇಕಿತ್ತು, ಒಪ್ಪಿಕೊಂಡರು. ಒಂದು ದಿನ ಈಕೆಯ ಮನೆಯ ತನಕ ನಡೆದು ಬಂದು, ಹೊಸ್ತಿಲಾಚೆ ನಿಂತೇ ಕೇಳಿದ್ದರು: “ಇಂದೂಬಾಯಿ, ಒಬ್ಬನ ಓದಲಿಕ್ಕೆ ಬರವಲ್ದು. ದಿನಾ ಒಂದು ತಾಸು ಬಂದು ಓದಿ ಹೋಗ್ರಿ. ಕಣ್ಣು ಎಲ್ಲಿ ಹೋಗಬೇಕೋ ತಿಳೀವಲ್ದು.”

“ನಮ್ಮ ಅನ್ನಾ ಕಸಗೊಳ್ಳೂ ಯಂತ್ರಕ್ಕ ನೀವು ಕಣ್ಣ ಮಾರ್ಕೊಂಡ್ರಿ. ನಾ ಬಾಯಿ ಮಾರಾಂಗಿಲ್ರಿ,” ಎಂದಿದ್ದಳು ಇಂದುಮತಿ. ಒಳಗೆ ಬನ್ನಿ ಎಂದೂ ಅಂದಿರಲಿಲ್ಲ. ಅವರು ಹೌದೆನ್ನುವಂತೆ ತಲೆಯಾಡಿಸಿ ಹೊರಟುಹೋದರು. ಅಷ್ಟು ಖಡಾಖಂಡಿತವಾಗಿ ಮಾತಾಡಿದವಳು ಅವರು ತೀರಿಕೊಂಡ ಮರುವರ್ಷ, ಅಕ್ಷರ ನೋಡದೆ ಹುಚ್ಚು ಹಿಡಿಯುತ್ತದೆ ಎನಿಸಿ, ಅದೇ ಕಂಪನಿಯ ಬಾಗಿಲು ಬಡಿದಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಆಕೆಗೆ ನಾಚಿಕೆಯಾಗುತ್ತಿತ್ತು.

ಎರಡು ವರ್ಷ ಅವರು ಒಬ್ಬರೇ ಓದಿದ್ದರು. ಪ್ರತಿ ಸಾಲಿನ ಕೊನೆಗೂ ಅರ್ಧ ಸೆಕೆಂಡು ನಿಂತಿದ್ದರು. ಕನ್ನಡಕ ಅದನ್ನೂ ಬರೆದುಕೊಂಡಿತ್ತು.

ಸಂಜೆ ಮನೆಗೆ ಬಂದರೆ ಗಂಡ ಫಕೀರಪ್ಪ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಕಾದಂಬರಿ ಓದುತ್ತಿದ್ದ. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು. ಆ ದಿನಗಳಲ್ಲಿ ಒಂದು ಪುಸ್ತಕವನ್ನೂ ಮುಟ್ಟಿದವನಲ್ಲ. ಹತ್ತು ಪುಟಕ್ಕೆ ಕಣ್ಣು ಎಳೆಯುತ್ತಿತ್ತು. ನುಣುಪು ಪುಸ್ತಕಗಳು ಬಂದ ಮೇಲೆ ವಾರಕ್ಕೆ ಆರು ಮುಗಿಸುತ್ತಿದ್ದ, ಅದು ಅವನಿಗೆ ದೊಡ್ಡ ಹೆಮ್ಮೆ. ಆ ಹೆಮ್ಮೆ ಕಂಡು ಇಂದುಮತಿಗೂ ಸಂತೋಷವೇ ಆಗುತ್ತಿತ್ತು. ಕಂಪನಿಯನ್ನು ಪೂರ್ತಿ ಬೈಯಲು ಬಾಯಿ ಬರುತ್ತಿರಲಿಲ್ಲ.

“ಏನ್ ಕತಿ?” ಎಂದಳು, ಅವನ ಪಕ್ಕ ಕೂತು.

ಫಕೀರಪ್ಪ ತಲೆ ಕೆರೆದುಕೊಂಡ. “ಒಬ್ಬಾಕಿ ಇರ್ತಾಳ. ಊರ ಬಿಟ್ಟು ಹೊಕ್ಕಾಳ. ಆಮ್ಯಾಲ… ಚಲೋ ಐತಿ. ಓದೂಮುಂದ ಚಲೋ ಐತಿ.”

“ನಿನ್ನೆ ಓದಿದ್ದು?”

“ಅದೂ ಚಲೋ ಇತ್ತು.” ಫೋನು ಮುಂದೆ ಹಿಡಿದ. “ಒಂದ ಮಾತು ಕೇಳ್ತೇನಿ, ನಗಬ್ಯಾಡ. ಈ ವರ್ಷದ ಪುಸ್ತಕದೊಳಗ ಸಾಲು ಮುಗ್ಯಾಕತ್ತಿದ್ರ ಯಾರೋ ಕದಾ ಮೆಲ್ಲಕ ಮುಚ್ಚಿಕೊಂಡು ಹ್ವಾದಂಗ ಅನಸ್ತೈತಿ. ಎಲ್ಲಾ ಪುಸ್ತಕನೂ. ನನಗೊಬ್ಬಗ ಹಂಗೋ ಏನೊ.”

ಇಂದುಮತಿ ನಗಲಿಲ್ಲ. ಲಕ್ಷಾಂತರ ಜನ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಓದುತ್ತಿದ್ದ ಕನ್ನಡದ ಪ್ರತಿಯೊಂದು ಪುಸ್ತಕದಲ್ಲೂ ಒಬ್ಬ ಮನುಷ್ಯ ಸಾಲಿನ ತುದಿಗೆ ನಿಂತು ಆಕೆಯನ್ನು ಕಾಯುತ್ತಿದ್ದ. ಆಕೆ ಎಲ್ಲವನ್ನೂ ಗಂಡನಿಗೆ ಹೇಳಿದಳು.

ಫಕೀರಪ್ಪ ಫೋನನ್ನು ಬೋರಲು ಇಟ್ಟ. “ಅವತ್ತು ಹೋಗಬೇಕಿತ್ತು ನೀ,” ಎಂದ. “ನಾ ಏನ ಬ್ಯಾಡ ಅಂದಿದ್ನೇನ?”

“ಇಲ್ಲ. ನೀ ಅಂದಿಲ್ಲ.”

ಮರುದಿನ ಶುಕ್ರವಾರ. ಇಂದುಮತಿ ಬೆಳಿಗ್ಗೆಯೇ ರೇಷ್ಮಾಳನ್ನು ಹಿಡಿದಳು. “ಆ ಕನ್ನಡಕಕ್ಕ ಕಿವಿ ಇದ್ವೇನ?”

ಇದ್ದವು. ತುಟಿ ಅಲ್ಲಾಡಿಸಿ ಓದುವವರು, ಗುನುಗಿಕೊಳ್ಳುವವರು ಕೆಲವರು ಇರುತ್ತಾರೆಂದು ಕನ್ನಡಕದ ಕಾಲಿಗೆ ಸಣ್ಣ ಮೈಕು ಕೂರಿಸಿದ್ದರು. ನೆರಳುಗಳಿಗೂ ಆ ದಾರಿ ಒಳಗೇ ಇತ್ತು. ಯಾರೂ ಬಳಸುತ್ತಿರಲಿಲ್ಲ, ಮುಚ್ಚಿದ್ದರು. ಇಂದುಮತಿ ಕಾರಣ ಹೇಳಿದಳು. ರೇಷ್ಮಾ ಕೇಳಿಸಿಕೊಂಡಳು. ಆಮೇಲೆ ತನ್ನ ಮೈಕನ್ನು ತಂದು ಎಪ್ಪತ್ಮೂರಕ್ಕೆ ಜೋಡಿಸಿ, ಹಸ್ತಪ್ರತಿಯ ಒಂದು ಪ್ರತಿಯನ್ನು ಈಕೆಯ ಮುಂದಿನ ಪರದೆಗೆ ಕಳಿಸಿದಳು. “ಅಕ್ಕಾರ, ಒಂದ ಮಾತು. ಅದು ಅವರಲ್ರಿ.”

“ಗೊತ್ತೈತವ್ವ.”

ಯಾರದೋ ಮೊದಲ ಕಾದಂಬರಿ. ಕೆರೆಯೊಂದರ ವರ್ಣನೆಯಿಂದ ಶುರುವಾಗಿತ್ತು. ಇಂದುಮತಿ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಏಳೆಂಟು ವರ್ಷ ಬಿಟ್ಟಿದ್ದ ರೂಢಿ ಎರಡು ಸಾಲಿನಲ್ಲಿ ವಾಪಸು ಬಂತು. ‘ನೀರು ಇಳಿದಿತ್ತು ಅಲ್ಪ ಕೆಸರು ಬಿರಿದಿತ್ತು ಪೂರ್ಣ.’ ಚುಕ್ಕೆ ಸಾಲಿನ ಕೊನೆಗೆ ಬಂದು ನಿಂತಿತು. ಆಕೆಯ ಧ್ವನಿ ಅಲ್ಲಿಗೆ ಬಂದು ಮುಟ್ಟಿದ ಕ್ಷಣ ಚುಕ್ಕೆ ಕೆಳಗಿಳಿಯಿತು. ಮತ್ತೆ ಕೊನೆ, ಮತ್ತೆ ಧ್ವನಿ, ಮತ್ತೆ ಇಳಿತ. ಕಾಯುವುದು ನಿಂತೇಹೋಗಿತ್ತು. ರೇಷ್ಮಾ ಬಾಯಿಗೆ ಕೈ ಹಿಡಿದುಕೊಂಡು ನೋಡುತ್ತಿದ್ದಳು.

ಮೂರನೆಯ ಪುಟದಲ್ಲಿ ಇಂದುಮತಿಯ ಕಣ್ಣು ಜಾರಿತು. ವಯಸ್ಸು, ಮೇಲಾಗಿ ಕಣ್ಣಿನಲ್ಲಿ ನೀರು. ಒಂದು ಸಾಲು ಹಾರಿಸಿ ಮುಂದೆ ಓದಿದಳು. ಚುಕ್ಕೆ ಅಲುಗಲಿಲ್ಲ. ಹಾರಿಸಿದ ಸಾಲಿನ ಮೊದಲ ಅಕ್ಷರದ ಮೇಲೆ ಕೂತುಬಿಟ್ಟಿತು. ಇಂದುಮತಿ ಓದುತ್ತಲೇ ಹೋದಳು, ಅದು ಬರಲಿಲ್ಲ. ಮುದ್ರಣಾಲಯದಲ್ಲೂ ಹೀಗೆಯೇ ಆಗುತ್ತಿತ್ತು. ವಾಮನರಾಯರು ಯಾವತ್ತೂ ‘ತಪ್ಪಿತು’ ಎನ್ನುತ್ತಿರಲಿಲ್ಲ. ಸುಮ್ಮನೆ ಮುಂದೆ ಬರುತ್ತಿರಲಿಲ್ಲ, ಈಕೆಯೇ ತಿಳಿದು ಹಿಂದೆ ಹೋಗಬೇಕಿತ್ತು. ಇಂದುಮತಿ ಹಿಂದೆ ಹೋಗಿ ಆ ಸಾಲನ್ನು ಓದಿದಳು. ಚುಕ್ಕೆ ಜೊತೆಗೂಡಿತು.

ಆ ದಿನ ಆಕೆ ನೂರ ಹನ್ನೆರಡು ಪುಟ ಓದಿದಳು. ಶನಿವಾರ ನೂರ ನಲವತ್ತು. ಗಂಟಲು ಒಡೆದು ಮಾತು ಬಾರದೆ ಮನೆಗೆ ಹೋದಾಗ ಫಕೀರಪ್ಪ ಏನೂ ಕೇಳದೆ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟ. ಆಕೆಗೆ ಸುಖವಾಗಿತ್ತು. ಸುಖವಾಗಿದೆ ಎಂಬುದೇ ಹೆದರಿಕೆ ತರುವಂತಿತ್ತು.

ಹೆದರಿಕೆಗೆ ಕಾರಣವೂ ಇತ್ತು. ಶನಿವಾರ ಊಟಕ್ಕೆ ಎದ್ದು ಹೋಗಿ ಬಂದಾಗ ರೇಷ್ಮಾ ಪರದೆ ತೋರಿಸಿದ್ದಳು. ಧ್ವನಿ ಇಲ್ಲದ ಅಷ್ಟು ಹೊತ್ತೂ ಎಪ್ಪತ್ಮೂರು ಒಂದು ಸಾಲನ್ನೂ ದಾಟಿರಲಿಲ್ಲ. ಒಂಬತ್ತು ಸೆಕೆಂಡು ಹೋಗಿ ನಲವತ್ತು ನಿಮಿಷ ಆಗಿತ್ತು.

“ಈಗ ಅದಕ್ಕ ನೀವು ಬರ್ತೀರಿ ಅನ್ನೂದು ಗೊತ್ತಾಗೈತ್ರಿ,” ಎಂದಳು ರೇಷ್ಮಾ. “ಮ್ಯಾಲಿನವ್ರಿಗೆ ಹೇಳೀನಿ. ಅವ್ರಿಗೆ ಭಾಳ ಖುಷಿ. ಧ್ವನಿ ಜೋಡಿ ಓದಿಸಿದ್ರ ಇದರ ಕಣ್ಣು ಮತ್ತೂ ಚುರುಕು ಅಂತ. ನಿಮ್ಮ ಧ್ವನೀದೂ ಒಂದು ನೆರಳು ಮಾಡೂಣು ಅಂತಾರ. ಎರಡು ದಿನ ಓದಿದ್ದ ಸಾಕಂತ್ರಿ. ನೀವು ಒಂದು ಸಹಿ ಹಾಕಿದ್ರ ಆತು. ನೀವು ಮನ್ಯಾಗ ಆರಾಮ ಇರಬೌದು, ನಿಮ್ಮ ಧ್ವನಿ ಇಲ್ಲಿ ಹಗಲೂ ರಾತ್ರಿ ಓದ್ತಿರ್ತದ. ಎಪ್ಪತ್ಮೂರು ಕಾಯೂ ಹಂಗಿಲ್ಲ. ಇಲ್ಲಂದ್ರ ಸೋಮವಾರ ಕತ್ತರಿ. ಯಾವುದರ ಒಂದು ಆಗಬೇಕ್ರಿ.”

ಭಾನುವಾರ ಇಂದುಮತಿ ರೊಟ್ಟಿ ಬಡಿಯುತ್ತ ಕೂತಳು, ಮನಸ್ಸು ಮಾತ್ರ ಗೋದಾಮಿನಲ್ಲಿತ್ತು. ಕತ್ತರಿ ಹಾಕಿದರೆ ಆ ಚುಕ್ಕೆಯಲ್ಲಿ ವಾಮನರಾಯರ ಜಾಣತನ ಪೂರ್ತಿ ಉಳಿಯುತ್ತದೆ, ಈಕೆ ಮಾತ್ರ ಇರುವುದಿಲ್ಲ. ಇಪ್ಪತ್ತಾರು ವರ್ಷ ಜಗತ್ತಿನಲ್ಲಿ ತಾನು ಮಾಡಿದ ಕೆಲಸದ ಗುರುತು ಉಳಿದಿದ್ದರೆ ಆ ನಿಲುಗಡೆಯಲ್ಲಿ, ಅದೂ ಹೋಗುತ್ತದೆ. ಸಹಿ ಹಾಕಿದರೆ? ಬಾಯಿ ಒಣಗದ, ಊಟಕ್ಕೆ ಏಳದ ಒಂದು ಧ್ವನಿ. ದಿನಕ್ಕೆ ಮುನ್ನೂರು ಹಸ್ತಪ್ರತಿ, ಕೊನೆಯ ಪುಟ ಎಂಬುದೇ ಇಲ್ಲ. ಸತ್ತವರನ್ನು ಯಾರಾದರೂ ಹಾಗೆ ದುಡಿಸಿಕೊಳ್ಳುತ್ತಾರೆಯೇ? ದುಡಿಸುವುದು ತನ್ನ ಧ್ವನಿಯಾದರೆ, ದುಡಿಸುವವಳು ತಾನೇ ಆಗುವುದಿಲ್ಲವೇ?

“ನೀ ಸಹಿ ಹಾಕಂಗಿದ್ರ ಹಾಕು, ಒಲ್ಲಿ ಅಂದ್ರ ಬಿಡು,” ಎಂದ ಫಕೀರಪ್ಪ, ಹಂಚಿನಿಂದ ರೊಟ್ಟಿ ಎತ್ತಿಕೊಳ್ಳುತ್ತ. “ಆದ್ರ ಅವ್ರಿಗೆ ಯಾರೂ ಹೇಳಿಲ್ಲಲ್ಲ.”

“ಏನ್ ಹೇಳಿಲ್ಲ?”

“ತೀರಿಕೊಂಡಾರ ಅಂತ. ನೀ ಯಾಕ ಬರಲಿಲ್ಲ ಅಂತ. ಮನಷ್ಯಾ ಕಾಯಾಕತ್ತಿದ್ರ ಒಬ್ರರ ಹೋಗಿ ಹೇಳ್ಬೇಕಲ್ಲ.”

ಯಂತ್ರಕ್ಕೆ ಹೇಳುವುದೇನು ಎಂದು ಬೇರೆಯವರಾಗಿದ್ದರೆ ನಗುತ್ತಿದ್ದರು. ಇಂಜಿನ್ನುಗಳ ಜೊತೆ ಮಾತಾಡುತ್ತ ಮೂವತ್ತೈದು ವರ್ಷ ಕಳೆದವನಿಗೆ ಅದು ನಗುವ ವಿಷಯವಾಗಿರಲಿಲ್ಲ. ಇಂದುಮತಿ ಹಿಟ್ಟಿನ ಕೈ ತೊಳೆದುಕೊಂಡು ಕಾಗದ ತೆಗೆದುಕೊಂಡಳು. ಇಪ್ಪತ್ತಾರು ವರ್ಷ ಬೇರೆಯವರು ಬರೆದದ್ದನ್ನು ಓದಿದವಳು, ತಾನಾಗಿ ಬರೆದದ್ದು ಇದೇ ಮೊದಲು. ಸಂಜೆಯವರೆಗೂ ಹಿಡಿದ ಆ ಬರವಣಿಗೆ ಒಂದು ಪುಟ ಆಯಿತು.

ಸೋಮವಾರ ಬೆಳಿಗ್ಗೆ ರೇಷ್ಮಾ ಆ ಪುಟವನ್ನು ಅಚ್ಚಿನ ಸಾಲುಗಳಲ್ಲಿ ಕೂರಿಸಿ ಎಪ್ಪತ್ಮೂರಕ್ಕೆ ಒಡ್ಡಿದಳು. ಮೇಲಿನವರಿಗೆ ಹೇಳಲಿಲ್ಲ. ಚುಕ್ಕೆ ಪುಟಸಂಖ್ಯೆ ನೋಡಿತು, ಶೀರ್ಷಿಕೆ ಇಲ್ಲದ ನೆತ್ತಿ ನೋಡಿತು, ಮೊದಲ ಸಾಲಿಗೆ ಬಂದು, ಅದರ ಕೊನೆಯಲ್ಲಿ ನಿಂತಿತು. ಇಂದುಮತಿ ಓದಿದಳು.

“ವಾಮನರಾಯರೇ ಅಲ್ಪ ಇದು ಇಂದುಮತಿ ಬರೆದದ್ದು ಪೂರ್ಣ. ನೀವು ತೀರಿಕೊಂಡು ನಾಲ್ಕು ವರ್ಷವಾಯಿತು ಪೂರ್ಣ. ಮಂಗಳವಾರ ಮಧ್ಯಾಹ್ನ ಅಲ್ಪ ಕೂತಲ್ಲೇ ಪೂರ್ಣ. ನೋವಾಗಲಿಲ್ಲವಂತೆ ಪೂರ್ಣ.”

ಚುಕ್ಕೆ ಜೊತೆಜೊತೆಗೆ ಇಳಿದು ಬಂತು. ಸಾವಿನ ಸಾಲಿನಲ್ಲಿ ಅದು ತಡೆಯಲಿಲ್ಲ, ಹಿಂದಿರುಗಲಿಲ್ಲ. ಬೇರೆಯವರ ಕಾದಂಬರಿಯಲ್ಲಿ ಯಾರೋ ಸತ್ತ ಹಾಗೆ ಸರಾಗ ದಾಟಿತು. ಇದು ರೂಢಿ ಮಾತ್ರ, ಮನುಷ್ಯ ಅಲ್ಲ ಎಂದು ಇಂದುಮತಿ ತನಗೆ ತಾನೇ ಹೇಳಿಕೊಂಡಳು. ಧೈರ್ಯ ಬಂದ ಹಾಗಾಯಿತು. ಮುಂದೆ ಓದಿದಳು.

“ನೀವು ಎರಡು ವರ್ಷ ಒಬ್ಬರೇ ಓದಿದಿರಿ ಪೂರ್ಣ. ಬಂದು ಓದಿ ಹೋಗಿ ಎಂದು ನನ್ನ ಬಾಗಿಲಿಗೆ ಬಂದು ಕರೆದಿರಿ ಪೂರ್ಣ. ನಾನು ಬರಲಿಲ್ಲ ಪೂರ್ಣ.”

ಚುಕ್ಕೆ ಆ ಸಾಲಿನ ಕೊನೆಯಲ್ಲಿ ನಿಂತಿತು. ಧ್ವನಿ ಬಂದು ಮುಟ್ಟಿತ್ತು, ಆದರೂ ಇಳಿಯಲಿಲ್ಲ. ‘ಕರೆದಿರಿ’ ಎಂಬಲ್ಲಿಗೆ ಹಿಂದೆ ಹೋಯಿತು. ‘ಬರಲಿಲ್ಲ’ ಎಂಬಲ್ಲಿಗೆ ಬಂತು. ಮತ್ತೆ ಹಿಂದೆ. ಇಸವಿಗಳನ್ನು ನೋಡುವ ಹಾಗೆ, ಎರಡು ಸಲ. ಆಮೇಲೆ ಅದು ಪುಟ ಬಿಟ್ಟು ಹೊರಗೆ ಹೋಯಿತು.

ಬಿಳಿಯ ಪುಟ ಮುಗಿದು ಕಪ್ಪು ಅಂಚು ಶುರುವಾಗುವ ಕಡೆ, ಎಡಗಡೆ, ಪರದೆಯ ತೀರ ತುದಿಗೆ ಹೋಗಿ ಚುಕ್ಕೆ ನಿಂತಿತು. ಅಲ್ಲಿ ಓದಲು ಏನೂ ಇರಲಿಲ್ಲ.

“ಅಕ್ಕಾರ, ಹಿಂಗ್ಯಾವತ್ತೂ ಆಗಿಲ್ರಿ,” ರೇಷ್ಮಾ ಕೀಲಿಮಣೆಯ ಮೇಲೆ ಬಗ್ಗಿದಳು. “ಕನ್ನಡಕ ಎಲ್ಲಾ ನೋಡ್ತಿತ್ತು. ಪುಟದ ಹೊರಗಿಂದು ನಾವು ಲೆಕ್ಕಕ್ಕ ಹಿಡೀತಿರಲಿಲ್ಲ ಅಷ್ಟ. ಓದೂಮುಂದ ಅವ್ರು ಆ ಕಡೆ ಏನೋ ನೋಡ್ತಿದ್ರು. ಅಲ್ಲಿ ಏನಿತ್ರಿ?”

ಇಂದುಮತಿಗೆ ಗೊತ್ತಿತ್ತು. ಹಸ್ತಪ್ರತಿ ಓದುವವರು ಕರಡು ನೋಡುವವರ ಎಡಕ್ಕೆ ಕೂರುತ್ತಾರೆ. ಎಲ್ಲ ಮುದ್ರಣಾಲಯದಲ್ಲೂ ಅದೇ ಪದ್ಧತಿ, ಬಲಗಡೆ ಪೆನ್ಸಿಲಿನ ಕೈಗೆ ಜಾಗ ಬೇಕಲ್ಲ. ಮನೆಯಲ್ಲಿ ಓದಲು ಕೂತಾಗ ವಾಮನರಾಯರು ಎಡಕ್ಕೆ ಒಂದು ಕುರ್ಚಿ ಹಾಕಿಕೊಂಡಿದ್ದಿರಬೇಕು. ಎರಡು ವರ್ಷವೂ ಆ ಕುರ್ಚಿಯನ್ನು ನೋಡಿದ್ದಿರಬೇಕು.

ಪುಟದಲ್ಲಿ ಇನ್ನೂ ಒಂದು ಸಾಲು ಉಳಿದಿತ್ತು. ಆಕೆ ಭಾನುವಾರ ಸಂಜೆ ಏಳು ಸಲ ಬರೆದು ಹೊಡೆದು ಹಾಕಿ ಕೊನೆಗೂ ಉಳಿಸಿದ ಸಾಲು: ಇನ್ನು ಕಾಯಬೇಡಿ. ಗಟ್ಟಿಯಾಗಿ ಓದಿದಳು. ಮತ್ತೆ ಓದಿದಳು. ಮೂರನೆಯ ಸಲ ಧ್ವನಿ ಒಡೆಯಿತು. ಚುಕ್ಕೆ ಪುಟಕ್ಕೆ ಬರಲೇ ಇಲ್ಲ. ಆ ಸಾಲನ್ನು ಅದು ನೋಡಲೇ ಇಲ್ಲ.

ಹನ್ನೊಂದರವರೆಗೆ ರೇಷ್ಮಾ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಬೇರೆ ಹಸ್ತಪ್ರತಿ ಕೊಟ್ಟಳು, ಹಳೆಯ ಪುಸ್ತಕ ಕೊಟ್ಟಳು, ಇಂದುಮತಿಯಿಂದ ಮತ್ತೆ ಕೆರೆಯ ಕಾದಂಬರಿ ಓದಿಸಿದಳು. ಪುಟಗಳು ಬಂದವು, ಹೋದವು. ಚುಕ್ಕೆ ಎಡತುದಿಯಲ್ಲೇ ಇತ್ತು. ಅಷ್ಟರಲ್ಲಿ ಮೇಲಿನವರಿಗೂ ತಿಳಿದು ಫೋನು ಬಂತು. ರೇಷ್ಮಾ ಹೊರಗೆ ಹೋಗಿ ಮಾತಾಡಿ ಬಂದಳು. ಕಣ್ಣು ಕೆಂಪಾಗಿತ್ತು.

“ಕತ್ತರಿ ಹಾಕಾಕ ಬರಾಂಗಿಲ್ಲಂತ್ರಿ, ಓದೂದ ನಿಂತಮ್ಯಾಲ ಕತ್ತರಸೂದು ಏನನ್ನ. ನಿಮ್ಮ ಸಹೀನೂ ಬ್ಯಾಡಂತ. ನಾಕು ಗಂಟೇಕ್ಕ ಎಪ್ಪತ್ಮೂರನ್ನ ಪೂರ್ತಿ ಅಳಸಾಕ ಹೇಳ್ಯಾರ.” ಕೀಲಿಮಣೆಯ ಕಡೆ ನೋಡಿ ಅಂದಳು, “ನನ್ನ ಕೈಲೇ ಆಗಬೇಕ್ರಿ ಅದು.”

ಇಂದುಮತಿ ತಲೆಯಾಡಿಸಿದಳು. ಕ್ಷಮೆ ಕೇಳಲು ಹೋಗಿ ಇರುವಷ್ಟನ್ನೂ ಕಳೆದುಕೊಂಡಿದ್ದಳು. ಹೇಳದೆ ಇದ್ದಿದ್ದರೆ ಕತ್ತರಿಯಾದರೂ ಬೀಳುತ್ತಿತ್ತು, ಕಣ್ಣಾದರೂ ಉಳಿಯುತ್ತಿತ್ತು ಎನಿಸಿತು. ಮನೆಗೆ ಹೋಗಲೇ ಎಂದುಕೊಂಡಳು. ಬ್ಯಾಗು ಕೈಗೆ ತೆಗೆದುಕೊಂಡಳು, ಬಾಗಿಲವರೆಗೆ ಹೋದಳು, ತಿರುಗಿ ನೋಡಿದಳು. ಚುಕ್ಕೆ ಅಲ್ಲೇ ಇತ್ತು, ಖಾಲಿ ಜಾಗವನ್ನು ನೋಡುತ್ತ.

ಆಕೆ ವಾಪಸು ಬಂದು, ಪರದೆಯ ಎದುರಿಗಿದ್ದ ತನ್ನ ಕುರ್ಚಿಯನ್ನು ಎಳೆದುಕೊಂಡು ಎಡಗಡೆಗೆ ಹೋದಳು. ಅಲ್ಲಿ ಗೋಡೆಗೂ ಮೇಜಿಗೂ ನಡುವೆ ಜಾಗ ಇಕ್ಕಟ್ಟು. ವೈರುಗಳನ್ನು ಸರಿಸಿ, ಮೊಣಕಾಲು ಮಡಚಿಕೊಂಡು ಕೂತಳು. ಅಲ್ಲಿಂದ ಆಕೆಗೆ ಪರದೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

“ಅಕ್ಕಾರ, ಅದಕ್ಕ ಕ್ಯಾಮರಾ ಇಲ್ರಿ,” ಎಂದಳು ರೇಷ್ಮಾ ಮೆಲ್ಲಗೆ. “ಅಲ್ಲಿ ಕುಂತ್ರ ನೀವು ಅದಕ್ಕ ಕಾಣಾಂಗಿಲ್ಲ.”

“ಗೊತ್ತೈತಿ,” ಎಂದಳು ಇಂದುಮತಿ.

ಊಟಕ್ಕೂ ಏಳಲಿಲ್ಲ. ಓದಲಿಲ್ಲ, ಮಾತಾಡಲಿಲ್ಲ. ಮೂರೂವರೆಗೆ ಫಕೀರಪ್ಪನ ಫೋನು ಬಂದಾಗ, ಕೂತಿದ್ದೇನೆ, ನಾಲ್ಕರ ಮೇಲೆ ಬರುತ್ತೇನೆ ಎಂದಳು. ನಾಲ್ಕು ಗಂಟೆಗೆ ರೇಷ್ಮಾ ಬಂದು, ಇನ್ನು ಏಳಬಹುದು ಎಂದು ಹೇಳುವವರೆಗೂ ಅಲ್ಲೇ ಇದ್ದಳು.